ಇಚ್ ಬಂದರೆ ಬಿಸಿಯೋ, ಉಪ್ಪೋ, ಮ್ಯಾಲಕೈಟ್ ಗ್ರೀನೋ?

ಮೀನಿನ ಮೈ, ರೆಕ್ಕೆಗಳ ಮೇಲೆಲ್ಲ ಉಪ್ಪಿನ ಹರಳು ಉದುರಿಸಿದ ಹಾಗೆ ಬಿಳಿ ಚುಕ್ಕೆ. ಮೀನು ಆಗಾಗ ಕಲ್ಲಿಗೆ ಮೈ ಉಜ್ಜಿಕೊಳ್ಳುತ್ತದೆ. ಇದಕ್ಕೆ ಇಚ್ ಅಂತಾರೆ. ಕಾರಣ ಇಕ್ತಿಯೋಫ್ತಿರಿಯಸ್ ಮಲ್ಟಿಫಿಲಿಸ್ ಎಂಬ ಸಿಲಿಯೇಟ್, ಅಂದರೆ ಮೈತುಂಬ ಸಣ್ಣ ರೋಮಗಳಿರುವ, ಒಂದೇ ಕೋಶದ ಜೀವಿ. ಸಿಹಿನೀರಿನ ಟ್ಯಾಂಕುಗಳಲ್ಲಿ ನೀರು ಬಿಸಿ ಮಾಡುವುದು, ಉಪ್ಪು, ಮ್ಯಾಲಕೈಟ್ ಗ್ರೀನ್ ಎಂಬ ಹಸಿರು ಬಣ್ಣದ ಔಷಧಿ, ಈ ಮೂರನ್ನೂ ಮಾಡಿ ನೋಡಿದ್ದೇನೆ.

ಕಣ್ಣಿಗೆ ಕಾಣುವ ಆ ಚುಕ್ಕೆಗೆ ಉಪ್ಪಾಗಲಿ ಔಷಧಿಯಾಗಲಿ ತಾಗುವುದಿಲ್ಲ. ಅದು ಹೊರಚರ್ಮದ ಅಡಿ ಕೂತು ತಿನ್ನುತ್ತಾ 1 ಮಿಲಿಮೀಟರ್‌ವರೆಗೂ ಬೆಳೆಯುತ್ತದೆ. ಮೆಲ್ಲಗೆ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ದುಂಡನೆಯ ದೊಡ್ಡ ಕೋಶ ನಿಧಾನಕ್ಕೆ ಉರುಳುತ್ತಿರುತ್ತದೆ. ಒಳಗೆ ಕುದುರೆ ಲಾಳದ ಆಕಾರದ ಕೋಶಕೇಂದ್ರ. ಮೀನಿಗೆ ಶತ್ರುವಾದರೂ ನೋಡಲು ಚೆಂದವೇ. ಬಲಿತ ಮೇಲೆ ಮೀನನ್ನು ಬಿಟ್ಟು ತಳ ಸೇರಿ, ಸುತ್ತ ಲೋಳೆಯ ಕವಚ ಕಟ್ಟಿಕೊಂಡು ಒಡೆಯುತ್ತಾ ಹೋಗುತ್ತದೆ. ಒಂದರಿಂದ ನೂರಾರು ಮರಿ. ಒಂದೆರಡು ದಿನದಲ್ಲಿ ಮೀನು ಸಿಗದಿದ್ದರೆ ಅವು ಸಾಯುತ್ತವೆ. ಉಪ್ಪು, ಔಷಧಿಗೆ ಸಿಕ್ಕಿಬೀಳುವುದು ಈಜಾಡುವ ಈ ಮರಿಗಳು ಮಾತ್ರ.

ಬಿಸಿಯ ದಾರಿ ಬೇರೆ. ನೀರು 30 ಡಿಗ್ರಿ ಸೆಲ್ಸಿಯಸ್ ದಾಟಿದರೆ ಹೆಚ್ಚಿನ ತಳಿಗಳಿಗೆ ವಂಶ ಬೆಳೆಸಲು ಆಗುವುದಿಲ್ಲ. ನೀರಿಗೆ ಏನೂ ಸೇರಿಸಬೇಕಿಲ್ಲ, ಗಿಡಗಳೂ ಹೆಚ್ಚಾಗಿ ಉಳಿಯುತ್ತವೆ. ಆದರೆ ಬಿಸಿನೀರಿನಲ್ಲಿ ಆಮ್ಲಜನಕ ಕಡಿಮೆ, ಕಿವಿರು ಮೊದಲೇ ಗಾಯವಾಗಿರುತ್ತದೆ. ಏರ್ ಪಂಪ್ ಜೋರಾಗಿ ಓಡುತ್ತಲೇ ಇರಬೇಕು. ಗೋಲ್ಡ್‌ಫಿಶ್‌ನಂಥ ತಂಪು ಬಯಸುವ ಮೀನಿಗಂತೂ ಇದು ಬೇಡ.

ಉಪ್ಪು ಲೀಟರಿಗೆ 2ರಿಂದ 3 ಗ್ರಾಂ. ಬೇರೆ ಪಾತ್ರೆಯಲ್ಲಿ ಕರಗಿಸಿ ಸ್ವಲ್ಪ ಸ್ವಲ್ಪವೇ ಸೇರಿಸಿ. ಗಪ್ಪಿ, ಮಾಲಿ ಆರಾಮಾಗಿ ತಡೆದುಕೊಳ್ಳುತ್ತವೆ, ಗಿಡಗಳು ಬಾಡುತ್ತವೆ. ನೀರು ಆವಿಯಾದರೂ ಉಪ್ಪು ಅಲ್ಲೇ ಉಳಿಯುತ್ತದೆ ಅಲ್ವಾ, ಅದಕ್ಕೇ ಕಡಿಮೆಯಾದ ನೀರಿನ ಬದಲು ಬರೀ ಸಿಹಿನೀರು ತುಂಬಬೇಕು.

ಮ್ಯಾಲಕೈಟ್ ಗ್ರೀನ್ ಇವೆರಡಕ್ಕಿಂತ ಬೇಗ ಕೆಲಸ ಮಾಡಿತು. ಆದರೂ ನನಗೆ ಒಲ್ಲದ್ದು ಇದೇ. ಟ್ಯಾಂಕಿನ ಸಿಲಿಕೋನ್ ಅಂಟಿಗೆ ಬಣ್ಣ ಹಿಡಿಯುತ್ತದೆ, ಲೋಚ್ ಜಾತಿಯ ಮೀನುಗಳಿಗೆ ಪೂರ್ತಿ ಪ್ರಮಾಣ ಅಪಾಯ, ಕೈಗವಸು ಬೇಕೇ ಬೇಕು. ನಾವು ತಿನ್ನುವ ಮೀನಿಗೆ ಇದನ್ನು ಬಳಸುವುದನ್ನು ಎಷ್ಟೋ ದೇಶಗಳು ನಿಷೇಧಿಸಿವೆ. ಫಿಲ್ಟರಿನ ಕಾರ್ಬನ್ ತೆಗೆಯದೆ ಹಾಕಿದರೆ ಔಷಧಿಯನ್ನು ಕಾರ್ಬನ್ನೇ ಹೀರಿಬಿಡುತ್ತದೆ.

ಗಿಡ ತುಂಬಿದ ಟ್ಯಾಂಕಿಗೆ ನನ್ನ ಆಯ್ಕೆ ಬಿಸಿ. ಗಿಡವಿಲ್ಲದ ಟ್ಯಾಂಕಿಗೆ ಉಪ್ಪು, ಜೊತೆಗೆ ಮೀನು ತಡೆಯುವಷ್ಟು ಬೆಚ್ಚಗಿನ ನೀರು. ಮೀನು ಏದುಸಿರು ಬಿಡುವ ಹಂತ ಮುಟ್ಟಿದ್ದರೆ ಮಾತ್ರ ಔಷಧಿ. ಯಾವುದನ್ನೇ ಹಿಡಿದರೂ ಚುಕ್ಕೆ ಮಾಯವಾದ ದಿನವೇ ನಿಲ್ಲಿಸಬೇಡಿ, ತಳದಲ್ಲಿ ಕವಚದೊಳಗೆ ಇನ್ನೂ ಇರುತ್ತವೆ. 25 ಡಿಗ್ರಿಯಲ್ಲಿ ಅದರ ಜೀವನದ ಒಂದು ಸುತ್ತು ಸುಮಾರು ಒಂದು ವಾರದೊಳಗೆ ಮುಗಿಯುತ್ತದೆ, ತಣ್ಣೀರಿನಲ್ಲಿ ವಾರಗಟ್ಟಲೆ ಎಳೆಯುತ್ತದೆ.

ಚುಕ್ಕೆಯೇ ಇಲ್ಲದೆ ಮೀನು ಮೈ ಉಜ್ಜುತ್ತಿದ್ದರೆ ಸುಮ್ನೆ ಇಚ್ ಅಂದುಕೊಳ್ಳಬೇಡಿ. ಅದು ಟ್ರೈಕೊಡೈನಾ ಇರಬಹುದು. ಇದೂ ಸಿಲಿಯೇಟೇ, ತಟ್ಟೆಯಂಥ ಮೈಯೊಳಗೆ ಹಲ್ಲುಗಳ ಉಂಗುರ ಸ್ಪಷ್ಟವಾಗಿ ಕಾಣುತ್ತದೆ. ಚರ್ಮದ ಹೊರಗೇ ಓಡಾಡಿಕೊಂಡು ಅಲ್ಲೇ ಎರಡಾಗಿ ಒಡೆಯುತ್ತದೆ. ಅಡಗುವ ಹಂತವೇ ಇಲ್ಲದ್ದರಿಂದ ಮರಿ ಹೊರಬರಲಿ ಅಂತ ಕಾಯಬೇಕಿಲ್ಲ, ಉಪ್ಪು ನೇರವಾಗಿ ತಾಗುತ್ತದೆ.