ಟಪ್, ಚಿಟಪಟ, ಸುಯ್: ಹೊಸ ಲ್ಯಾಪ್‌ಟಾಪಿನ ಸ್ಪೀಕರಿಗೆ ಯಾವ ಮದ್ದು ನಾಟಿತು?

ಹಾಡು ನಿಲ್ಲಿಸಿ ಹತ್ತು ಸೆಕೆಂಡ್ ಕಳೆಯುವಷ್ಟರಲ್ಲಿ ಸ್ಪೀಕರಿನಿಂದ ‘ಟಪ್’. ಆಮೇಲೆ ಯಾವುದಾದರೂ ಮೆಸೇಜ್ ಬಂದರೆ ಮತ್ತೊಂದು ‘ಟಪ್’, ಅದರ ಬೆನ್ನಿಗೆ ಮೊದಲ ತುಣುಕು ನುಂಗಿಹೋದ ನೋಟಿಫಿಕೇಶನ್ ದನಿ. ವಿಡಿಯೊ ಮಧ್ಯೆ ಆಗಾಗ, ಕಾದ ಎಣ್ಣೆಗೆ ನೀರು ಬಿದ್ದ ಹಾಗೆ ಚಿಟಪಟ. ರಾತ್ರಿ ಎಲ್ಲ ತಣ್ಣಗಾದ ಮೇಲೆ ಕಿವಿಗೊಟ್ಟರೆ ಸಣ್ಣಗೆ ‘ಸುಯ್’. ಲ್ಯಾಪ್‌ಟಾಪ್ ಎಷ್ಟು ಹೊಸದೆಂದರೆ ಅಂಚಿನ ಪ್ಲಾಸ್ಟಿಕ್ ಹಾಳೆಯನ್ನೂ ಇನ್ನೂ ಪೂರ್ತಿ ಕಿತ್ತಿರಲಿಲ್ಲ.

ಈ ಮೂರನ್ನೂ ಒಂದೇ ಕಾಯಿಲೆ ಅಂದುಕೊಂಡಿದ್ದೇ ನನ್ನ ತಪ್ಪು. ಸಿಕ್ಕ ಸಲಹೆಯನ್ನೆಲ್ಲ ಒಟ್ಟಿಗೆ ಸುರಿದೆ. ಒಂದು ಸದ್ದು ಅಡಗಿದರೆ ಇನ್ನೊಂದು ಏಳುತ್ತಿತ್ತು, ಯಾವುದರಿಂದ ಯಾವುದು ಹೋಯಿತೆಂದೇ ತಿಳಿಯುತ್ತಿರಲಿಲ್ಲ. ಎರಡು ದಿನ ಹೀಗೆ ಹಾಳಾದ ಮೇಲೆ ಎಲ್ಲವನ್ನೂ ಮೊದಲಿದ್ದಂತೆ ಮಾಡಿ, ಒಂದು ಸಲಕ್ಕೆ ಒಂದೇ ಬದಲಾವಣೆ ಎಂದು ಹೊಸದಾಗಿ ಶುರು ಮಾಡಿದೆ.

ಸದ್ದುಗಳನ್ನು ಬೇರ್ಪಡಿಸಲು ಎಲ್ಲಕ್ಕಿಂತ ನೆರವಾದದ್ದು ಒಂದು ಪುಟ್ಟ ಯುಎಸ್‌ಬಿ ಆಡಿಯೊ ಅಡಾಪ್ಟರ್. ಅದರೊಳಗೆ ಅದರದ್ದೇ ಡಿಎಸಿ (ಡಿಜಿಟಲ್ ಅಂಕಿಗಳನ್ನು ದನಿಯ ವಿದ್ಯುತ್ ಸಂಕೇತವಾಗಿಸುವ ಭಾಗ), ಅದರದ್ದೇ ಆಂಪ್ಲಿಫೈಯರ್ ಇರುತ್ತವೆ. ಲ್ಯಾಪ್‌ಟಾಪಿನೊಳಗೆ ಇದೇ ಕೆಲಸ ಮಾಡುವ ಕೋಡೆಕ್ ಚಿಪ್ಪಿನ ಗೊಡವೆಗೇ ಅದು ಹೋಗುವುದಿಲ್ಲ. ಹೆಡ್‌ಫೋನನ್ನು ಅದಕ್ಕೆ ಸಿಕ್ಕಿಸಿದಾಗ ಟಪ್ ಇಲ್ಲ, ಸುಯ್ ಇಲ್ಲ, ಚಿಟಪಟ ಮಾತ್ರ ಹಾಗೇ ಇದೆ. ವಿಂಡೋಸ್ ಬಿಟ್ಟು ಪೆನ್‌ಡ್ರೈವಿನಿಂದ ಲಿನಕ್ಸ್ ಬೂಟ್ ಮಾಡಿ ನೋಡಿದರೆ ತಿರುಗುಮುರುಗು: ಚಿಟಪಟ ಇಲ್ಲ, ಉಳಿದೆರಡು ಇವೆ. ಅಲ್ಲಿಗೆ ಚಿಟಪಟ ಹುಟ್ಟುವುದು ವಿಂಡೋಸಿನ ಸಾಫ್ಟ್‌ವೇರ್ ಕಡೆ, ಟಪ್ ಮತ್ತು ಸುಯ್ ಹುಟ್ಟುವುದು ಕೋಡೆಕ್, ಆಂಪ್ಲಿಫೈಯರ್ ಕಡೆ ಎಂದಾಯಿತು. (ಮ್ಯೂಟ್ ಮಾಡಿದರೂ ನಿಲ್ಲದ, ಪುಟ ಸರಿಸಿದಂತೆಲ್ಲ ಏರಿಳಿಯುವ ಕೀರಲು ಕೇಳಿಸಿದರೆ ಅದು ಬಹುಮಟ್ಟಿಗೆ ಸ್ಪೀಕರಿನದಲ್ಲ, ಮದರ್‌ಬೋರ್ಡಿನ ಕಾಯಿಲ್ ಅಥವಾ ಕೆಪಾಸಿಟರ್ ಕಂಪಿಸುವ ಸದ್ದು. ಇಲ್ಲಿನ ಯಾವ ಮದ್ದೂ ಅದಕ್ಕೆ ತಾಕದು.)

ಚಿಟಪಟದ ಕತೆ ಬೇಗ ಮುಗಿಯಿತು. ದನಿಗೆ ಮೆರುಗು ಕೊಡುವ ‘ಆಡಿಯೊ ಎನ್‌ಹಾನ್ಸ್‌ಮೆಂಟ್’ ಆಫ್ ಮಾಡಿದೆ, ಪ್ರಯೋಜನವಾಗಲಿಲ್ಲ. ಸ್ಯಾಂಪಲ್ ರೇಟನ್ನು (ಸೆಕೆಂಡಿಗೆ ದನಿಯ ಎಷ್ಟು ಅಳತೆ ಎಂಬುದನ್ನು) 44.1 ಕಿಲೋಹರ್ಟ್ಸ್‌ನಿಂದ 48ಕ್ಕೆ ಏರಿಸಿದೆ. ಒಂದು ಗಂಟೆ ಗೆದ್ದೆ ಎಂದು ಬೀಗಿದೆ, ಆಮೇಲೆ ಮತ್ತದೇ. ರೇಟ್ ಬದಲಿಸಿದಾಗ ಆಡಿಯೊ ಹರಿವು ನಿಂತು ಹೊಸದಾಗಿ ಶುರುವಾಗುತ್ತದೆ, ಆ ಸುಧಾರಣೆ ಅಷ್ಟರದ್ದೇ ಇರಬೇಕು. ಗುರಿ ಮುಟ್ಟಿದ್ದು, ಯಾವ ಡ್ರೈವರ್ (ಯಂತ್ರದ ಒಂದೊಂದು ಭಾಗವನ್ನು ನಡೆಸುವ ಸಾಫ್ಟ್‌ವೇರ್) ಪ್ರೊಸೆಸರನ್ನು ಎಷ್ಟು ಹೊತ್ತು ಹಿಡಿದಿಡುತ್ತದೆ ಎಂದು ಪಟ್ಟಿ ಮಾಡುವ ಲೇಟೆನ್ಸಿಮಾನ್ ಎಂಬ ಟೂಲ್. ವಿಂಡೋಸಿನ ಆಡಿಯೊ ಎಂಜಿನ್ ಸಾಮಾನ್ಯವಾಗಿ 10 ಮಿಲಿಸೆಕೆಂಡಿಗೊಂದು ಕಂತಿನಂತೆ ದನಿಯನ್ನು ಮುಂದಕ್ಕೆ ಕಳಿಸುತ್ತದೆ. 48 ಕಿಲೋಹರ್ಟ್ಸ್ ಲೆಕ್ಕದಲ್ಲಿ ಕಂತಿಗೆ 480 ಸ್ಯಾಂಪಲ್. ಬೇರಾವುದೋ ಡ್ರೈವರ್ ಪ್ರೊಸೆಸರನ್ನು ಬಿಡದೆ ಹಿಡಿದುಕೊಂಡು ಆ ಕಂತು ತಡವಾದರೆ ನಡುವೆ ಖಾಲಿ ಬೀಳುತ್ತದೆ, ಆ ಖಾಲಿಯೇ ಕಿವಿಗೆ ‘ಚಿಟ್’. ನನ್ನ ಯಂತ್ರದಲ್ಲಿ ಪಟ್ಟಿಯ ತುದಿಯಲ್ಲಿ ಕೂತಿದ್ದು ವೈಫೈ ಡ್ರೈವರ್. ವೈಫೈ ಆಫ್ ಮಾಡಿ, ಮೊದಲೇ ಇಳಿಸಿಟ್ಟಿದ್ದ ವಿಡಿಯೊ ನೋಡಿದೆ. ಒಂದು ಚಿಟ್ ಕೂಡ ಇಲ್ಲ. ವೈಫೈ ಡ್ರೈವರನ್ನು ಹೊಸ ಆವೃತ್ತಿಗೆ ಏರಿಸಿದ ಮೇಲೆ ಅದು ತಿರುಗಿ ಬಂದಿಲ್ಲ. ಸ್ಪೀಕರಿನ ಸದ್ದಿಗೆ ವೈಫೈ ಕಾರಣ ಅಂದರೆ ಯಾರು ನಂಬಬೇಕು!

ನಿಜವಾದ ಪೈಪೋಟಿ ಇದ್ದದ್ದು ಟಪ್ ವಿಷಯದಲ್ಲಿ. ಇದರ ಮೂಲ ಉಳಿತಾಯದ ಬುದ್ಧಿ. ಕೆಲಹೊತ್ತು ಯಾವ ದನಿಯೂ ಬರದಿದ್ದರೆ ಕೋಡೆಕ್ ಮತ್ತು ಆಂಪ್ಲಿಫೈಯರ್ ನಿದ್ದೆಗೆ ಜಾರುತ್ತವೆ; ಮಲಗುವಾಗ ಒಂದು ಟಪ್, ಏಳುವಾಗ ಒಂದು. ಏಳಲು ಹಿಡಿಯುವ ಆ ಕ್ಷಣದಲ್ಲೇ ನೋಟಿಫಿಕೇಶನ್ ದನಿಯ ತಲೆ ಕತ್ತರಿಸಿಹೋಗುತ್ತದೆ. ಇದಕ್ಕೆ ನಾನು ಮೂರು ದಾರಿ ಹಿಡಿದು ನೋಡಿದೆ.

ಮೊದಲನೆಯದು, ತಯಾರಕರ ಆಡಿಯೊ ಡ್ರೈವರ್ ತೆಗೆದು ವಿಂಡೋಸಿನ ಸಾಮಾನ್ಯ ‘ಹೈ ಡೆಫಿನಿಶನ್ ಆಡಿಯೊ’ ಡ್ರೈವರ್ ಹಾಕುವುದು. ಟಪ್ ಹೋಯಿತು. ಜೊತೆಗೆ ದನಿಯ ಮೈಕೈಯೂ ಹೋಯಿತು. ಇಷ್ಟು ಚಿಕ್ಕ ಸ್ಪೀಕರುಗಳಿಂದ ಕೇಳುವಂಥ ದನಿ ಹೊರಡಿಸಲು ಮಾಡಿಟ್ಟ ಹೊಂದಾಣಿಕೆಯೆಲ್ಲ ಆ ಹಳೆಯ ಡ್ರೈವರಿನ ಜೊತೆಗೇ ಬಂದಿತ್ತು. ಅದಿಲ್ಲದೆ ಹಾಡು ತಗಡಿನ ಡಬ್ಬದೊಳಗಿಂದ ಬಂದಂತೆ ಕೇಳಿಸಿತು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಸಾಲದ್ದಕ್ಕೆ ಮುಂದಿನ ಅಪ್‌ಡೇಟಿನಲ್ಲಿ ಹಳೆಯ ಡ್ರೈವರ್ ಹೇಳದೆ ಕೇಳದೆ ವಾಪಸ್ ಬಂದು ಕೂತಿತು.

ಎರಡನೆಯದು ಹಿಂಬಾಗಿಲ ಉಪಾಯ: ಹಿನ್ನೆಲೆಯಲ್ಲಿ ಸದಾ ಮೌನವನ್ನೇ ‘ಪ್ಲೇ’ ಮಾಡುತ್ತಿರುವ ಸಣ್ಣ ಪ್ರೋಗ್ರಾಮ್. ದನಿ ನಡೆಯುತ್ತಲೇ ಇದೆ ಎಂದು ಚಿಪ್ ನಂಬುತ್ತದೆ, ಮಲಗುವುದಿಲ್ಲ. ಹೊಂದಿಸಲು ಎರಡು ನಿಮಿಷ ಸಾಕು, ದನಿಯ ಗುಣ ಕೆಡುವುದಿಲ್ಲ. ನನಗೆ ಇದೇ ಸಾಕೆನಿಸಿತ್ತು. ಮಾರನೇ ಬೆಳಿಗ್ಗೆ ನೋಡಿದರೆ, ಬಿಟ್ಟುಹೋದ ಲ್ಯಾಪ್‌ಟಾಪ್ ರಾತ್ರಿಯಿಡೀ ಎಚ್ಚರವಾಗಿಯೇ ಇತ್ತು. ಆಡಿಯೊ ನಡೆಯುತ್ತಿರುವಷ್ಟು ಹೊತ್ತು ವಿಂಡೋಸ್ ತಾನಾಗಿ ಸ್ಲೀಪ್‌ಗೆ ಹೋಗುವುದಿಲ್ಲ. ಮೌನವಾದರೂ ಅದರ ಲೆಕ್ಕಕ್ಕೆ ಆಡಿಯೊವೇ.

ಮೂರನೆಯದು ನೇರ ದಾರಿ, ಚಿಪ್ಪಿನ ನಿದ್ದೆಯ ಟೈಮರನ್ನೇ ನಿಲ್ಲಿಸುವುದು. ವಿಂಡೋಸಿನಲ್ಲಿ ರಿಜಿಸ್ಟ್ರಿಯೊಳಗೆ (ಸಿಸ್ಟಮಿನ ಸೆಟ್ಟಿಂಗುಗಳನ್ನು ಕೂಡಿಟ್ಟ ಕಣಜ) ಆಡಿಯೊ ಸಾಧನದ ‘ಪವರ್ ಸೆಟ್ಟಿಂಗ್ಸ್’ ಕೀ ಹುಡುಕಬೇಕು. ಅಲ್ಲಿ ‘ಕನ್ಸರ್ವೇಶನ್ ಐಡಲ್ ಟೈಮ್’ ಬ್ಯಾಟರಿಗೆ, ‘ಪರ್ಫಾರ್ಮೆನ್ಸ್ ಐಡಲ್ ಟೈಮ್’ ಚಾರ್ಜರಿಗೆ. ಸೊನ್ನೆ ಕೊಟ್ಟರೆ ಟೈಮರ್ ಇಲ್ಲ. ರಿಜಿಸ್ಟ್ರಿಗೆ ಕೈ ಹಾಕುವ ಮುನ್ನ ಆ ಕೀಯನ್ನು ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ. ನಾನು ಇಟ್ಟುಕೊಳ್ಳದೆ ಒಮ್ಮೆ ಬೆವರಿದ್ದೇನೆ. ಲಿನಕ್ಸಿನಲ್ಲಿ ಈ ಕೆಲಸ ಸಲೀಸು: ಇಂಟೆಲ್ ಎಚ್‌ಡಿಎ ಎಂಬ ಆಡಿಯೊ ಡ್ರೈವರ್ ಮಾಡ್ಯೂಲಿನ ‘ಪವರ್ ಸೇವ್’ ಬೆಲೆಯನ್ನು 0 ಮಾಡಿದರಾಯಿತು. ಅಷ್ಟಾದರೂ ಟಪ್ ಉಳಿದರೆ, ಲಿನಕ್ಸಿನಲ್ಲಿ ಆಡಿಯೊ ಸಾಧನಗಳನ್ನು ನಿಭಾಯಿಸುವ ವೈರ್‌ಪ್ಲಂಬರ್ ಕಡೆ ನೋಡಿ. ಅದೂ 5 ಸೆಕೆಂಡ್ ಸದ್ದಿಲ್ಲದಿದ್ದರೆ ಆಡಿಯೊ ಸಾಧನವನ್ನು ಮಲಗಿಸುತ್ತದೆ, ಅದಕ್ಕೂ ಸೊನ್ನೆ ಬರೆಯಬೇಕು.

ಮೂರರಲ್ಲಿ ನನ್ನ ಮತ ಈ ಕೊನೆಯದಕ್ಕೇ. ಹಾಗಂತ ಇದೂ ಪುಕ್ಕಟೆಯಲ್ಲ, ಮತ್ತು ಇದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ: ಟಪ್ ಹೋದ ದಿನದಿಂದ ಸುಯ್ ಕಾಯಂ ಆಯಿತು. ಸುಯ್ ಅನ್ನುವುದು ಎಚ್ಚರವಾಗಿರುವ ಆಂಪ್ಲಿಫೈಯರಿನ ಉಸಿರು. ಮೊದಲು ಚಿಪ್ ಮಲಗಿದಾಗ ಅದೂ ನಿಲ್ಲುತ್ತಿತ್ತು, ಈಗ ನಿಲ್ಲುವುದಿಲ್ಲ. ಚಾರ್ಜರ್ ಕಿತ್ತು ನೋಡಿದೆ, ವ್ಯತ್ಯಾಸವಾಗಲಿಲ್ಲ. ಹಾಗಾಗಿ ಚಾರ್ಜರಿನ ಕಡೆಯಿಂದ ಬರುವ ಗ್ರೌಂಡಿಂಗ್ (ಅರ್ತಿಂಗ್) ದೋಷವಲ್ಲ. ವಾಲ್ಯೂಮ್ ಏರಿಸಿದರೂ ಇಳಿಸಿದರೂ ಸುಯ್ ಅಷ್ಟೇ. ಲಿನಕ್ಸಿನಲ್ಲಿ ಆಲ್ಸಾಮಿಕ್ಸರ್ ಎಂಬ ವಾಲ್ಯೂಮ್ ಹೊಂದಿಸುವ ಪ್ರೋಗ್ರಾಮ್ ತೆರೆದು ‘ಬೀಪ್’ ಚಾನೆಲ್ ಮ್ಯೂಟ್ ಮಾಡಿದಾಗ ತುಸು ತಗ್ಗಿತು, ಪೂರ್ತಿ ಹೋಗಲಿಲ್ಲ. ಅದನ್ನು ಪೂರ್ತಿ ಅಳಿಸಿದ್ದು ಆ ಯುಎಸ್‌ಬಿ ಅಡಾಪ್ಟರ್ ಒಂದೇ, ಅದೂ ಹೆಡ್‌ಫೋನಿನಲ್ಲಿ ಮಾತ್ರ.

ಇಲ್ಲಿ ಹೇಳಿದ್ದೆಲ್ಲ ಮಾಡಿದರೂ, ಬೇರೆ ಸಿಸ್ಟಮ್ ಬೂಟ್ ಮಾಡಿದರೂ ಒಂದೇ ಬದಿಯ ಸ್ಪೀಕರ್ ಗೊರಗೊರ ಅನ್ನುತ್ತಿದ್ದರೆ ಸೆಟ್ಟಿಂಗ್ ಜೊತೆ ಗುದ್ದಾಡಬೇಡಿ. ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ವಾಪಸ್ ಕೊಡುವ ಅವಧಿ ಮುಗಿಯುವ ಮೊದಲೇ ಹಿಂತಿರುಗಿಸಿ.

ನಾನು ಈಗ ಚಾರ್ಜರಿನ ಟೈಮರಿಗೆ ಮಾತ್ರ ಸೊನ್ನೆ ಕೊಟ್ಟು, ಬ್ಯಾಟರಿಯದನ್ನು ಇದ್ದ ಹಾಗೇ ಬಿಟ್ಟಿದ್ದೇನೆ. ಹಗಲು ಮೇಜಿನ ಮೇಲೆ ಚಾರ್ಜರಿನಲ್ಲಿ ಓಡುವಾಗ ಸುಯ್ ಇರುತ್ತದೆ, ಫ್ಯಾನ್ ಸದ್ದಿನಲ್ಲಿ ಕೇಳಿಸುವುದಿಲ್ಲ. ರಾತ್ರಿ ಬ್ಯಾಟರಿಯಲ್ಲಿ ಓದುತ್ತ ಕೂತಾಗ ಪೂರ್ತಿ ಮೌನ, ಯಾವಾಗಲೋ ಒಂದು ಟಪ್. ಡ್ರೈವರ್ ಅಪ್‌ಡೇಟ್ ಆದಾಗಲೆಲ್ಲ ಆ ಸೊನ್ನೆ ಅಳಿಸಿಹೋಗುತ್ತದೆ. ಟಪ್ ಕೇಳಿಸಿದೊಡನೆ ಹೋಗಿ ಮತ್ತೆ ಬರೆದು ಬರುತ್ತೇನೆ.