ನಮ್ಮ ಕುಟುಂಬದ ಆರೋಗ್ಯ ವಿಮೆ: ಎಲ್ಲಿ ಕೈ ಹಿಡಿಯಿತು, ಎಲ್ಲಿ ಕೈ ಬಿಟ್ಟಿತು

ಈ ಪಾಲಿಸಿ ನಮ್ಮ ಮನೆಗೆ ಬಂದು ಹಲವು ವರ್ಷಗಳಾದವು. ಒಮ್ಮೆಯೂ ರಿನ್ಯೂವಲ್ ತಪ್ಪಿಸಿಲ್ಲ. ದೊಡ್ಡ ಕ್ಲೇಮ್ ಆಗಿದೆ, ಸಣ್ಣವು ಆಗಿವೆ, ಒಂದು ಕ್ಲೇಮ್ ತಿರಸ್ಕಾರವಾಗಿ ಮತ್ತೆ ಪಾಸ್ ಆಗಿದ್ದೂ ಇದೆ. ಕೊಂಡ ಹೊಸದರಲ್ಲಿ ವಿಮರ್ಶೆ ಬರೆದರೆ ಏಜೆಂಟ್ ಎಷ್ಟು ಚೆನ್ನಾಗಿ ಮಾತಾಡಿದರು, ಆ್ಯಪ್ ಎಷ್ಟು ಸಲೀಸು ಅನ್ನುವುದಷ್ಟೇ ಬರೆಯಲು ಸಿಗುತ್ತದೆ. ಆರೋಗ್ಯ ವಿಮೆಯ ನಿಜವಾದ ಗುಣ ಗೊತ್ತಾಗುವುದು ಆಸ್ಪತ್ರೆಯ ಬಿಲ್ಲಿಂಗ್ ಕೌಂಟರ್ ಮುಂದೆ. ಅದಕ್ಕೇ ಇಷ್ಟು ಕಾದು ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಹಾಕಿಲ್ಲ. ಇಲ್ಲಿ ಹೇಳುವ ಷರತ್ತುಗಳು ಬೇರೆ ಬೇರೆ ಕಂಪನಿಗಳ ಪಾಲಿಸಿಗಳಲ್ಲೂ ಇರುವಂಥವೇ.

ಅಂಕ ಮೊದಲೇ ಹೇಳಿಬಿಡುತ್ತೇನೆ. ಐದಕ್ಕೆ ಮೂರೂವರೆ. ದೊಡ್ಡ ಹೊಡೆತ ಬಿದ್ದಾಗ ನಮ್ಮ ಉಳಿತಾಯ ಖಾಲಿಯಾಗದಂತೆ ಇದು ಕಾಪಾಡಿದೆ, ಅದನ್ನು ಮರೆಯಲಾರೆ. ಒಂದೂವರೆ ಅಂಕ ಕಡಿಮೆ ಮಾಡಿದ್ದಕ್ಕೂ ಕಾರಣ ಇದೆ. ಕಂಪನಿ ಕೊಡುವ ಹಣಕ್ಕೆ ಈ ಪಾಲಿಸಿಯಲ್ಲಿ ಮಿತಿ ಇದೆ. ನಮ್ಮ ಕೈಯಿಂದ ಹೋಗುವ ಹಣಕ್ಕೆ ಮಿತಿಯೇ ಇಲ್ಲ. ಪಾಲಿಸಿ ಕೊಳ್ಳುವವರು ಮೊದಲು ಕೇಳಬೇಕಾದ ಪ್ರಶ್ನೆ ಇದೇ ಅಂತ ಈಗ ನನಗೆ ಖಾತ್ರಿಯಾಗಿದೆ.

ಅತ್ತೆಗೆ ಪಿತ್ತಕೋಶದಲ್ಲಿ ಕಲ್ಲು ಇದೆ ಅಂತ ಗೊತ್ತಾಗಿದ್ದು ರಾತ್ರಿ ಹೊಟ್ಟೆನೋವು ತಡೆಯಲಾರದೆ ಎಮರ್ಜೆನ್ಸಿಗೆ ಕರೆದುಕೊಂಡು ಹೋದಾಗ. ಲ್ಯಾಪರೊಸ್ಕೋಪಿ (ಸಣ್ಣ ರಂಧ್ರದ ಮೂಲಕ ಮಾಡುವ ಆಪರೇಷನ್) ಮಾಡಿದರೆ ಬೇಗ ಮನೆಗೆ ಹೋಗಬಹುದು ಅಂದರು. ಆದರೆ ಸೋಂಕು ಆಗಲೇ ಹರಡಿತ್ತು, ಐಸಿಯುಗೆ ಸೇರಿಸಬೇಕಾಯಿತು. ಮೊದಲು ಕೊಟ್ಟ ಅಂದಾಜಿಗೂ ಕೊನೆಯ ಬಿಲ್ಲಿಗೂ ಸಂಬಂಧವೇ ಇರಲಿಲ್ಲ. ಇಲ್ಲಿ ವಿಮಾ ಕಂಪನಿಯನ್ನು ಹೊಗಳಲೇಬೇಕು. ಕ್ಯಾಶ್‌ಲೆಸ್ ಅನುಮತಿ, ಅಂದರೆ ಬಿಲ್ಲನ್ನು ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಕಟ್ಟುವ ಒಪ್ಪಿಗೆ, ಬೆಳಗಾಗುವ ಮೊದಲೇ ಬಂತು. ಆಮೇಲೆ ಖರ್ಚು ಏರಿದಂತೆಲ್ಲ ಆಸ್ಪತ್ರೆಯವರು ಹೆಚ್ಚುವರಿ ಅನುಮತಿ ಕೇಳಿದರು, ಅದೂ ಸಿಕ್ಕಿತು. ದುಡ್ಡಿಗಾಗಿ ಚಿಕಿತ್ಸೆ ಒಂದು ಕ್ಷಣವೂ ನಿಲ್ಲಲಿಲ್ಲ. ಆ ದಿನಗಳಲ್ಲಿ ನಮಗೆ ಬೇಕಾಗಿದ್ದುದು ಅಷ್ಟೇ.

ತೊಂದರೆ ಶುರುವಾಗಿದ್ದು ಡಿಸ್ಚಾರ್ಜ್ ದಿನ. ಅಡ್ಮಿಟ್ ಆದ ರಾತ್ರಿ ಪಾಲಿಸಿಯ ಬಾಡಿಗೆ ಮಿತಿಯೊಳಗಿನ ರೂಮ್ ಖಾಲಿ ಇರಲಿಲ್ಲ. ಅದರ ಮೇಲಿನ ದರ್ಜೆಯದೇ ಸಿಕ್ಕಿತು. ವ್ಯತ್ಯಾಸದ ಬಾಡಿಗೆ ನಾವು ಕಟ್ಟಿದರೆ ಮುಗಿಯಿತು ಅಂತ ಯಾರಾದರೂ ಅಂದುಕೊಳ್ಳುತ್ತಾರೆ, ಅಲ್ವಾ? ಹಾಗಲ್ಲ. ಬಹಳಷ್ಟು ಆಸ್ಪತ್ರೆಗಳಲ್ಲಿ ರೂಮಿನ ದರ್ಜೆ ಏರಿದಂತೆ ಡಾಕ್ಟರ್ ಫೀಸು, ಆಪರೇಷನ್ ಥಿಯೇಟರ್ ಬಾಡಿಗೆ, ನರ್ಸಿಂಗ್ ಶುಲ್ಕ ಎಲ್ಲವೂ ಏರುತ್ತವೆ. ಅದಕ್ಕೆ ವಿಮಾ ಕಂಪನಿಗಳು ಇವೆಲ್ಲದರಲ್ಲೂ ಅದೇ ಪ್ರಮಾಣದಲ್ಲಿ ಕಡಿತ ಮಾಡುತ್ತವೆ. ಲೆಕ್ಕಕ್ಕೆ ಪಾಲಿಸಿಯ ರೂಮ್ ಮಿತಿ 100, ನೀವು ತಗೊಂಡ ರೂಮಿನ ಬಾಡಿಗೆ 160 ಅಂದುಕೊಳ್ಳಿ. ಆಗ ಬಾಡಿಗೆಯಲ್ಲಿ ಮಾತ್ರ ಅಲ್ಲ, ಸರ್ಜನ್ ಫೀಸಿನಲ್ಲೂ ಕಂಪನಿ ಕೊಡುವುದು 62.5% ಮಾತ್ರ. ಉಳಿದ 37.5% ನಿಮ್ಮ ತಲೆಗೆ. ವಿಮೆಯ ಮೊತ್ತದಲ್ಲಿ ಅರ್ಧವೂ ಬಳಕೆಯಾಗಿರುವುದಿಲ್ಲ, ಆದರೂ ಇಷ್ಟು ದುಡ್ಡು ಕೈಯಿಂದ ಹೋಗುತ್ತದೆ. ನಮ್ಮ ಪಾಲಿಸಿಯಲ್ಲಿ ಔಷಧಿ ಮತ್ತು ಐಸಿಯು ಬಾಡಿಗೆಗೆ ಈ ಕಡಿತ ತಟ್ಟಲಿಲ್ಲ, ಅದೊಂದು ಸಮಾಧಾನ.

ರೂಮ್ ಖಾಲಿ ಇಲ್ಲದ್ದು ನಮ್ಮ ತಪ್ಪಲ್ಲ. ಹಾಗಿದ್ದರೂ ಅದರ ಭಾರ ರೋಗಿಯ ಮೇಲೆ ಹಾಕುವ ಷರತ್ತು ನನಗೆ ಈಗಲೂ ಒಪ್ಪಿಗೆಯಿಲ್ಲ. ಇಂಥ ಸಂದರ್ಭ ಬಂದರೆ, ಕಡಿಮೆ ದರ್ಜೆಯ ರೂಮ್ ಇರಲಿಲ್ಲ ಅಂತ ಆಸ್ಪತ್ರೆಯಿಂದ ಬರೆಸಿಕೊಳ್ಳಿ. ಖಾಲಿಯಾದ ತಕ್ಷಣ ಬದಲಾಯಿಸಿ ಅಂತಲೂ ಬರೆದೇ ಕೊಡಿ. ಬಾಯಿಮಾತಿನಲ್ಲಿ ಹೇಳಿದ್ದು ಯಾವ ಫೈಲಿನಲ್ಲೂ ಇರುವುದಿಲ್ಲ.

ಇನ್ನು ಬಿಲ್ಲಿನ ವಿಷಯ. ಡಿಸ್ಚಾರ್ಜ್ ಹೊತ್ತಿಗೆ ಕೈಗೆ ಬರುವುದು ಒಂದು ಪುಟದ ಸಮ್ಮರಿ. ರೂಮ್ ಇಷ್ಟು, ಔಷಧಿ ಇಷ್ಟು, ಲ್ಯಾಬ್ ಇಷ್ಟು ಅಂತ ಒಟ್ಟು ಮೊತ್ತ. ಅದರಿಂದ ಏನೂ ತಿಳಿಯುವುದಿಲ್ಲ. ಐಟಮ್ ಪ್ರಕಾರ ಬಿಡಿಸಿದ ಬಿಲ್ ಕೇಳಿ ತಗೊಂಡೆ. ನಮ್ಮ ನಾದಿನಿ ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಯಾವ ಇಂಜೆಕ್ಷನ್ ಯಾವಾಗ ಕೊಟ್ಟರು ಅಂತ ಪುಟ್ಟ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡಿದೆವು. ಒಂದು ಆ್ಯಂಟಿಬಯಾಟಿಕ್ ಅನ್ನು ಡಾಕ್ಟರ್ ನಡುವೆಯೇ ಬದಲಾಯಿಸಿದ್ದರು. ಹಳೆಯದರ ಉಳಿದ ವಯಲ್‌ಗಳನ್ನು ನರ್ಸ್ ನಮ್ಮ ಮುಂದೆಯೇ ಫಾರ್ಮಸಿಗೆ ವಾಪಸ್ ಕಳಿಸಿದ್ದರು. ಬಿಲ್ಲಿನಲ್ಲಿ ಅವು ಹಾಗೇ ಇದ್ದವು. ಕೌಂಟರ್‌ನಲ್ಲಿದ್ದ ಹುಡುಗ ಸ್ಕ್ರೀನ್ ನೋಡಿ, "ಮೇಡಂ, ರಿಟರ್ನ್ ಎಂಟ್ರಿ ಆಗಿಲ್ಲ, ಫಾರ್ಮಸಿಯಿಂದ ಹಾಕಿಸ್ತೀನಿ, ಸ್ವಲ್ಪ ಕೂತ್ಕೊಳ್ಳಿ" ಅಂದ. ವಾದ ಇಲ್ಲ, ಜಗಳ ಇಲ್ಲ. ಹೊಸ ಬಿಲ್ ಬಂದಾಗ ಮೊತ್ತ ಇಳಿದಿತ್ತು. ಆ ಹುಡುಗ ಮೋಸ ಮಾಡಿದ ಅಂತ ನಾನು ಹೇಳುವುದಿಲ್ಲ. ಮೂರು ಪಾಳಿಯಲ್ಲಿ ಬೇರೆ ಬೇರೆ ಜನ ಎಂಟ್ರಿ ಹಾಕುವ ಕಡೆ ಇಂಥದ್ದು ಆಗುತ್ತದೆ. ಕ್ಯಾಶ್‌ಲೆಸ್ ಇದೆ, ಕಂಪನಿ ಕಟ್ಟುತ್ತದೆ ಅಂತ ಬಿಲ್ ನೋಡದೆ ಸಹಿ ಹಾಕುವವರೇ ಜಾಸ್ತಿ. ಆದರೆ ಆ ಮೊತ್ತ ನಿಮ್ಮ ವರ್ಷದ ಮಿತಿಯಿಂದಲೇ ಕಡಿಮೆಯಾಗುತ್ತದೆ, ಕೋ-ಪೇ (ಪ್ರತಿ ಕ್ಲೇಮಿನಲ್ಲೂ ನಾವೇ ಕಟ್ಟಬೇಕಾದ ಪಾಲು) ಇದ್ದರೆ ಬಿಲ್ಲಿನ ಒಂದು ಪಾಲು ನೇರವಾಗಿ ನಿಮ್ಮ ಜೇಬಿನಿಂದಲೇ ಹೋಗುತ್ತದೆ.

ಗ್ಲೌಸ್, ಮಾಸ್ಕ್, ಹತ್ತಿ, ಡೈಪರ್, ರಿಜಿಸ್ಟ್ರೇಷನ್ ಶುಲ್ಕ ಇವೆಲ್ಲ ನಮ್ಮ ಪಾಲಿಸಿಯಲ್ಲಿ ಬರುವುದಿಲ್ಲ. ಒಂದೊಂದೂ ಚಿಲ್ಲರೆ ಅನ್ನಿಸುತ್ತದೆ, ಐಸಿಯು ಸೇರಿದರೆ ಚಿಲ್ಲರೆಯೇ ದೊಡ್ಡ ಮೊತ್ತವಾಗುತ್ತದೆ.

ಇಷ್ಟೆಲ್ಲ ಕಳೆದು ನಾವು ಕಟ್ಟಬೇಕಾದ ಪಾಲು ಒಂದೇ ಸಲಕ್ಕೆ ಕಟ್ಟುವಂಥದ್ದಾಗಿರಲಿಲ್ಲ. ಕ್ರೆಡಿಟ್ ಕಾರ್ಡ್ ಉಜ್ಜುವ ಮೊದಲು ಆಸ್ಪತ್ರೆಯ ಅಕೌಂಟ್ಸ್ ವಿಭಾಗದಲ್ಲಿ ಕೇಳಿದೆವು. ಬಡ್ಡಿಯಿಲ್ಲದೆ ಕಂತಿನಲ್ಲಿ ಕಟ್ಟಲು ಒಪ್ಪಿದರು. ಎಲ್ಲ ಕಡೆ ಒಪ್ಪುತ್ತಾರೆ ಅನ್ನಲಾರೆ, ಆದರೆ ಕೇಳಲು ಸಂಕೋಚ ಬೇಡ. ಒಮ್ಮೆ ಕಾರ್ಡಿನಲ್ಲಿ ಕಟ್ಟಿಬಿಟ್ಟರೆ ಅದು ಆಸ್ಪತ್ರೆಯ ಬಾಕಿಯಲ್ಲ, ಬ್ಯಾಂಕಿನ ಸಾಲ. ಆಮೇಲೆ ಬಿಲ್ಲಿನಲ್ಲಿ ತಪ್ಪು ಸಿಕ್ಕರೂ ಹಣ ವಾಪಸ್ ಪಡೆಯುವುದು ಕಷ್ಟ. ಅಮೆರಿಕದಲ್ಲಿ ಲಾಭರಹಿತ ಆಸ್ಪತ್ರೆಗಳು ತೆರಿಗೆ ವಿನಾಯಿತಿ ಬೇಕಾದರೆ ಕಷ್ಟದಲ್ಲಿರುವ ರೋಗಿಗಳಿಗೆ ರಿಯಾಯಿತಿ ಕೊಡುವ ಲಿಖಿತ ನೀತಿ ಇಟ್ಟುಕೊಳ್ಳಲೇಬೇಕು. ಕೇಳದವರಿಗೆ ಅದು ಸಿಗುವುದು ಅಲ್ಲೂ ಕಷ್ಟವೇ.

ದರಗಳ ವ್ಯತ್ಯಾಸ ನನಗೆ ನೇರವಾಗಿ ಕಂಡಿದ್ದು ಯಜಮಾನರ ಬೆನ್ನುನೋವಿನ ಎಂಆರ್‌ಐ ಮಾಡಿಸುವಾಗ. ಅಡ್ಮಿಟ್ ಆಗದೆ ಮಾಡಿಸುವ ಸ್ಕ್ಯಾನ್, ಪಾಲಿಸಿಯಲ್ಲಿ ಬರುವುದಿಲ್ಲ. ಆಸ್ಪತ್ರೆಯೊಳಗಿನ ದರಕ್ಕೂ ಹೊರಗಿನ ಸ್ಕ್ಯಾನ್ ಸೆಂಟರ್ ದರಕ್ಕೂ ಎರಡು ಪಟ್ಟಿಗಿಂತ ಜಾಸ್ತಿ ಅಂತರ. ಹೊರಗಿನದು ಕಳಪೆಯೇನೋ ಅಂತ ಅನುಮಾನ ಬಂತು. ಡಾಕ್ಟರನ್ನೇ ಕೇಳಿದೆವು. "1.5 ಟೆಸ್ಲಾ ಮಷೀನ್ ಇದ್ದರೆ ಸಾಕು, ಕಾಂಟ್ರಾಸ್ಟ್ ಬೇಡ" ಅಂತ ಚೀಟಿಯಲ್ಲೇ ಬರೆದುಕೊಟ್ಟರು. ಟೆಸ್ಲಾ ಅಂದರೆ ಮಷೀನಿನ ಕಾಂತಶಕ್ತಿಯ ಅಳತೆ, ಕಾಂಟ್ರಾಸ್ಟ್ ಅಂದರೆ ಚಿತ್ರ ಸ್ಪಷ್ಟವಾಗಲು ಚುಚ್ಚುವ ದ್ರವ. ಆ ಚೀಟಿ ಹಿಡಿದು ಫೋನ್ ಮಾಡಿದ್ದರಿಂದ ಎಲ್ಲ ಕಡೆ ಒಂದೇ ಪರೀಕ್ಷೆಯ ದರ ಕೇಳಲು ಆಯಿತು. ಇಲ್ಲದಿದ್ದರೆ ಒಬ್ಬರು ಕಾಂಟ್ರಾಸ್ಟ್ ಸೇರಿಸಿ ಹೇಳುತ್ತಾರೆ, ಇನ್ನೊಬ್ಬರು ರಿಪೋರ್ಟ್ ಫೀಸು ಬಿಟ್ಟು ಹೇಳುತ್ತಾರೆ, ಹೋಲಿಸಿ ಪ್ರಯೋಜನವಿಲ್ಲ.

ಈ ಅಂತರ ಬರಿ ದುರಾಸೆಯಿಂದ ಬಂದದ್ದಲ್ಲ. ದೊಡ್ಡ ಆಸ್ಪತ್ರೆ ರಾತ್ರಿಯಿಡೀ ಎಮರ್ಜೆನ್ಸಿ ತೆರೆದಿಡಬೇಕು, ಖಾಲಿ ಐಸಿಯು ಹಾಸಿಗೆಗೂ ಸಿಬ್ಬಂದಿ ಇರಬೇಕು. ಆ ಖರ್ಚಿನ ಪಾಲು ಸ್ಕ್ಯಾನಿನ ದರದಲ್ಲೂ ಸೇರಿರುತ್ತದೆ. ಜೊತೆಗೆ ವಿಮಾ ಕಂಪನಿಗೆ ಒಪ್ಪಂದದ ಒಂದು ದರ, ಕೈಯಿಂದ ಕಟ್ಟುವವರಿಗೆ ಇನ್ನೊಂದು ದರ. ಅಮೆರಿಕದಲ್ಲಿ 2021ರ ಜನವರಿ 1ರಿಂದ ಆಸ್ಪತ್ರೆಗಳು ಒಪ್ಪಂದದ ದರಗಳನ್ನೂ ನಗದು ದರವನ್ನೂ ಪ್ರಕಟಿಸಲೇಬೇಕು ಅಂತ ನಿಯಮ ಬಂತು. ಮರುವರ್ಷ, 2022ರ ಜನವರಿ 1ರಂದು, ಅನಿರೀಕ್ಷಿತ ಬಿಲ್ಲುಗಳ ವಿರುದ್ಧದ ಕಾಯ್ದೆಯೂ ಜಾರಿಯಾಯಿತು. ನೆಟ್‌ವರ್ಕ್ ಆಸ್ಪತ್ರೆಗೇ (ವಿಮಾ ಕಂಪನಿಯ ಜೊತೆ ಒಪ್ಪಂದ ಇರುವ ಆಸ್ಪತ್ರೆಗೇ) ಹೋಗಿರುತ್ತೀರಿ, ಆದರೆ ಅರಿವಳಿಕೆ ಕೊಟ್ಟ ಡಾಕ್ಟರ್ ನೆಟ್‌ವರ್ಕ್‌ನಲ್ಲಿಲ್ಲ ಅಂತ ಆಮೇಲೆ ಬೇರೆಯೇ ಬಿಲ್ ಬರುತ್ತದೆ. ಆ ಕಾಯ್ದೆ ಅಲ್ಲಿ ಇದನ್ನು ಬಹುಪಾಲು ತಡೆಯಿತು. ವಿಮೆ ಇಲ್ಲದವರಿಗೆ ಮೊದಲೇ ಲಿಖಿತ ಅಂದಾಜು ಕೊಡಬೇಕು, ಬಿಲ್ ಅದಕ್ಕಿಂತ 400 ಡಾಲರ್ ಅಥವಾ ಅದಕ್ಕೂ ಜಾಸ್ತಿ ಏರಿದರೆ ಪ್ರಶ್ನಿಸುವ ಹಕ್ಕಿದೆ. ನಮ್ಮ ಪಾಲಿಸಿಯಲ್ಲಿ ಅಂಥ ರಕ್ಷಣೆ ಇಲ್ಲ. ಅತ್ತೆಯನ್ನು ನೋಡಲು ಹೊರಗಿನಿಂದ ಬಂದ ತಜ್ಞರ ಫೀಸನ್ನು ನಾವೇ ಕಟ್ಟಿದೆವು. ಈಗ ಮುಂಚೆಯೇ ನಿಗದಿಯಾದ ಚಿಕಿತ್ಸೆಗಳಿಗೆ ಸರ್ಜನ್, ಅರಿವಳಿಕೆ ಡಾಕ್ಟರ್, ಲ್ಯಾಬ್ ಮೂರೂ ನೆಟ್‌ವರ್ಕ್‌ನಲ್ಲಿ ಇವೆಯೇ ಅಂತ ಇಮೇಲ್‌ನಲ್ಲಿ ಕೇಳುತ್ತೇನೆ.

ಬಿಪಿ, ಶುಗರ್ ಮಾತ್ರೆಗಳ ಖರ್ಚು ಈ ಪಾಲಿಸಿಯ ಹೊರಗೆ. ಜೆನೆರಿಕ್‌ಗೆ (ಬ್ರ್ಯಾಂಡ್ ಹೆಸರಿಲ್ಲದ ಅದೇ ಔಷಧಕ್ಕೆ) ಬದಲಾದ ಮೇಲೆ ತಿಂಗಳ ಖರ್ಚು ಚೆನ್ನಾಗಿಯೇ ಇಳಿಯಿತು. ಅಗ್ಗದ್ದು ಕೆಲಸ ಮಾಡುತ್ತದಾ ಅಂತ ಅತ್ತೆಗೆ ಭಯ ಇತ್ತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1996ರಿಂದ 2007ರವರೆಗಿನ 2,070 ಅಧ್ಯಯನಗಳನ್ನು ನೋಡಿದಾಗ, ಜೆನೆರಿಕ್ ಮತ್ತು ಮೂಲ ಬ್ರ್ಯಾಂಡ್ ನಡುವೆ ರಕ್ತಕ್ಕೆ ಸೇರುವ ಔಷಧದ ಪ್ರಮಾಣದಲ್ಲಿ ಸರಾಸರಿ ವ್ಯತ್ಯಾಸ 4%ಗಿಂತ ಕಡಿಮೆ ಇತ್ತು. ಆದರೆ ಥೈರಾಯ್ಡ್, ಫಿಟ್ಸ್ ಮಾತ್ರೆ, ವಾರ್ಫರಿನ್‌ನಂಥ ರಕ್ತ ತೆಳುಮಾಡುವ ಮಾತ್ರೆಗಳಲ್ಲಿ ಸಣ್ಣ ವ್ಯತ್ಯಾಸವೂ ಮುಖ್ಯ. ಅವನ್ನು ಡಾಕ್ಟರಿಗೆ ಹೇಳದೆ ಬದಲಾಯಿಸಬೇಡಿ.

ತಿರಸ್ಕಾರವಾದ ಕ್ಲೇಮ್ ಯಜಮಾನರದು. ಎದೆನೋವು ಅಂತ ರಾತ್ರಿ ಅಡ್ಮಿಟ್ ಮಾಡಿದರು, ಹೃದಯಕ್ಕೆ ಏನೂ ಆಗಿಲ್ಲ ಅಂತ ಬೆಳಗ್ಗೆ ಖಚಿತವಾಯಿತು. "ಬರಿ ಪರೀಕ್ಷೆಗಾಗಿ ಅಡ್ಮಿಟ್ ಆಗಿದ್ದಾರೆ" ಅಂತ ಕಂಪನಿ ಕೈ ಎತ್ತಿತು. ಎದೆನೋವಿನ ರೋಗಿಯನ್ನು ಮನೆಗೆ ಕಳಿಸಿ ಪರೀಕ್ಷೆ ಮಾಡಲಾಗುತ್ತದಾ? ತುಂಬಾ ಸಿಟ್ಟು ಬಂದಿತ್ತು. ಯಾಕೆ ನಿಗಾದಲ್ಲಿ ಇಡಬೇಕಾಯಿತು ಅಂತ ಡಾಕ್ಟರ್ ಪತ್ರ ಕೊಟ್ಟರು, ಇಸಿಜಿ ಮತ್ತು ಟ್ರೋಪೋನಿನ್ (ಹೃದಯಕ್ಕೆ ಪೆಟ್ಟಾಗಿದೆಯಾ ಅಂತ ತೋರಿಸುವ ರಕ್ತಪರೀಕ್ಷೆ) ವರದಿ ಜೋಡಿಸಿ ಮರುಪರಿಶೀಲನೆಗೆ ಕಳಿಸಿದೆವು, ಪಾಸ್ ಆಯಿತು. ಮೊದಲ "ಇಲ್ಲ" ಅನ್ನು ಕೊನೆಯ ಮಾತು ಅಂತ ತಿಳಿಯಬೇಡಿ. ಯಾವ ಷರತ್ತಿನ ಪ್ರಕಾರ ತಿರಸ್ಕರಿಸಿದ್ದೀರಿ ಅಂತ ಬರೆದು ಕೊಡಲು ಕೇಳಿ.

ಇನ್ನು ಕೋ-ಪೇ. ಅತ್ತೆಯ ವಯಸ್ಸಿನವರಿಗೆ ನಮ್ಮಲ್ಲಿ ಪ್ರತಿ ಕ್ಲೇಮಿನ 20% ನಾವೇ ಕಟ್ಟಬೇಕು. ಇದರಿಂದ ಜನ ಸುಮ್ನೆ ಆಸ್ಪತ್ರೆಗೆ ಹೋಗುವುದು ತಪ್ಪುತ್ತದೆ ಅನ್ನುವುದು ಕಂಪನಿಗಳ ವಾದ. ಅಮೆರಿಕದಲ್ಲಿ ರ‍್ಯಾಂಡ್ ಸಂಶೋಧನಾ ಸಂಸ್ಥೆ 1970ರ ದಶಕದಲ್ಲಿ ಶುರುಮಾಡಿದ ದೊಡ್ಡ ಪ್ರಯೋಗದಲ್ಲಿ, ಕೈಯಿಂದ ಪಾಲು ಕಟ್ಟಬೇಕಾದ ಜನ ಚಿಕಿತ್ಸೆ ಪಡೆಯುವುದು ಕಡಿಮೆಯಾಯಿತು ನಿಜ. ಆದರೆ ಬೇಡದ ಚಿಕಿತ್ಸೆಯಷ್ಟೇ ಬೇಕಾದ ಚಿಕಿತ್ಸೆಯೂ ಕಡಿಮೆಯಾಯಿತು. ಅತ್ತೆ "ಈಗೇನು ಅವಸರ, ಮುಂದಿನ ತಿಂಗಳು ನೋಡೋಣ ಬಿಡಮ್ಮ" ಅನ್ನುವಾಗ ನನಗೆ ಇದೇ ನೆನಪಾಗುತ್ತದೆ. ಅವರು ಉಳಿಸುತ್ತಿರುವುದು ನಮ್ಮ ದುಡ್ಡು, ಪಣಕ್ಕಿಡುತ್ತಿರುವುದು ತಮ್ಮ ಆರೋಗ್ಯ.

ಪಾಲು ಕಟ್ಟಿಸಿಕೊಳ್ಳಲಿ, ಅದಕ್ಕೊಂದು ಕೊನೆ ಇರಲಿ. ಜರ್ಮನಿಯ ಸಾರ್ವಜನಿಕ ವಿಮೆಯಲ್ಲಿ ಆಸ್ಪತ್ರೆಗೆ ದಿನಕ್ಕೆ 10 ಯೂರೋ, ಅದೂ ವರ್ಷಕ್ಕೆ 28 ದಿನ ಮಾತ್ರ. ಇಂಥ ಎಲ್ಲ ಪಾವತಿಗಳೂ ಸೇರಿ ಮನೆಯ ಆದಾಯದ 2% ದಾಟಿದರೆ ಆ ವರ್ಷ ಮತ್ತೆ ಕಟ್ಟಬೇಕಿಲ್ಲ, ದೀರ್ಘಕಾಲದ ಕಾಯಿಲೆ ಇರುವವರಿಗೆ 1%. ಜಪಾನಿನಲ್ಲಿ ಬಹುಪಾಲು ಜನ ಬಿಲ್ಲಿನ 30% ಕಟ್ಟುತ್ತಾರೆ, ಆದರೆ ಆದಾಯಕ್ಕೆ ತಕ್ಕಂತೆ ತಿಂಗಳ ಮೇಲ್ಮಿತಿ ಇದೆ. ಮನೆಯ ಒಟ್ಟು ಖರ್ಚಿನಲ್ಲಿ 10%ಗಿಂತ ಹೆಚ್ಚು ಕೈಯಿಂದ ಚಿಕಿತ್ಸೆಗೇ ಹೋದರೆ ಅದನ್ನು ಕುಟುಂಬಕ್ಕೆ ಆದ ದೊಡ್ಡ ಆಘಾತವೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವ ಬ್ಯಾಂಕ್ ವರ್ಷಗಟ್ಟಲೆ ಅಳೆದಿವೆ. ನಮ್ಮದು ಖಾಸಗಿ ಪಾಲಿಸಿ, ಅದನ್ನು ಸರ್ಕಾರಿ ವ್ಯವಸ್ಥೆಗೆ ಹೋಲಿಸುವುದು ಸರಿಯಲ್ಲ ಅನ್ನಬಹುದು. ಆದರೂ ಒಂದು ಮೇಲ್ಮಿತಿ ಬರೆಯಲು ಖಾಸಗಿ ಕಂಪನಿಗೆ ಅಡ್ಡಿ ಏನಿದೆ?

ಇಷ್ಟಾದರೂ ಪಾಲಿಸಿ ಬಿಟ್ಟಿಲ್ಲ. ಈಗ ಬೇರೆ ಕಡೆ ಹೊಸದಾಗಿ ಪಾಲಿಸಿ ಕೊಂಡರೆ ಅತ್ತೆಯ ಹಳೆಯ ಕಾಯಿಲೆಗಳಿಗೆ ಮತ್ತೆ ಕಾಯುವ ಅವಧಿ (ಅಷ್ಟು ಕಾಲ ಅವುಗಳಿಗೆ ಕ್ಲೇಮ್ ಸಿಗುವುದಿಲ್ಲ) ಶುರುವಾಗಬಹುದು. ಬದಲಿಗೆ ಈ ಸಲದ ರಿನ್ಯೂವಲ್‌ನಲ್ಲಿ ಪ್ರೀಮಿಯಂ ಸ್ವಲ್ಪ ಜಾಸ್ತಿಯಾದರೂ ರೂಮ್ ಮಿತಿ ತೆಗೆಸಿದೆವು. ಮೇಲೊಂದು ಟಾಪ್-ಅಪ್, ಅಂದರೆ ಒಂದು ಮೊತ್ತ ದಾಟಿದ ಖರ್ಚಿಗೆ ಸಿಗುವ ಹೆಚ್ಚುವರಿ ವಿಮೆ, ಸೇರಿಸಿದೆವು. ಅದರ ಡಿಡಕ್ಟಿಬಲ್ (ದಾಟಬೇಕಾದ ಆ ಮೊತ್ತ) ಪ್ರತಿ ಕ್ಲೇಮಿಗೂ ಬೇರೆ ಬೇರೆಯಾಗಿಯಾ, ವರ್ಷದ ಒಟ್ಟು ಖರ್ಚಿಗಾ ಅಂತ ವಿಚಾರಿಸಿ ಎರಡನೆಯದನ್ನೇ ತಗೊಂಡೆವು. ಸಣ್ಣ ಸಣ್ಣ ಬಿಲ್ಲುಗಳು ಮೇಲಿಂದ ಮೇಲೆ ಬಂದರೆ ಉಪಯೋಗಕ್ಕೆ ಬರುವುದು ಅದೇ. ಕೋ-ಪೇ ಬಾಬತ್ತಿಗೆ ಬೇರೆ ಖಾತೆಯಲ್ಲಿ ತಿಂಗಳು ತಿಂಗಳು ಹಾಕುತ್ತಿದ್ದೇವೆ.

ವಯಸ್ಸು ಚಿಕ್ಕದು, ಹಳೆಯ ಕಾಯಿಲೆ ಇಲ್ಲ ಅನ್ನುವವರಿಗೆ ಈ ಪಾಲಿಸಿಯನ್ನು ಹೇಳಬಲ್ಲೆ, ರೂಮ್ ಮಿತಿ ತೆಗೆಸುವುದಾದರೆ ಮಾತ್ರ. ಮನೆಯಲ್ಲಿ ಹಿರಿಯರಿದ್ದು ಅವರಿಗಾಗಿಯೇ ಹುಡುಕುತ್ತಿರುವವರು ಮೊದಲು ಕೋ-ಪೇ ಇಲ್ಲದ ಪಾಲಿಸಿಗಳನ್ನು ನೋಡಿ, ಸಿಗದಿದ್ದರೆ ಇದಕ್ಕೆ ಬನ್ನಿ.