ಹುಣ್ಣಿಮೆ ರಾತ್ರಿ ಹೊಳೆದಂಡೆಯಲ್ಲಿ ಟೆಂಟ್: ನಮ್ಮ ಗಾಡಿಗಳು ಮುಳುಗಿದ್ದು ಹೀಗೆ

ಬೈಕ್ ಕ್ಲಬ್ಬಿನವರ ಜೊತೆ ಗೋಕರ್ಣದ ಕಡೆ ಟೆಂಟ್ ಹಾಕೋಕೆ ಹೊರಟಿದ್ದೀರಾ? ಅಡ್ವಾನ್ಸ್ ಕಳಿಸುವ ಮುಂಚೆ ಇದನ್ನೊಮ್ಮೆ ಓದಿಬಿಡಿ. ಕ್ಲಬ್ಬಿನ ಹೆಸರು ಬರೆಯುವುದಿಲ್ಲ. ಹುಬ್ಬಳ್ಳಿ ಕಡೆಯವರು ಅಂತ ಹೇಳಿದರೆ ಸಾಕು.

ನಾನು ಶಿರಸಿಯವನು. ನಮ್ಮಂಥ ಘಟ್ಟದ ಮೇಲಿನವರಿಗೆ ಸಮುದ್ರ ಅಂದರೆ ಭಾನುವಾರದ ತಿರುಗಾಟ, ಅಷ್ಟೇ. ಭರತ, ಇಳಿತ ಎಲ್ಲ ಶಾಲೆಯಲ್ಲಿ ಓದಿ ಮರೆತಿದ್ದು. ತಲೆಗೆ 2,800 ರೂಪಾಯಿ, ಊಟ, ಟೆಂಟ್ ಎಲ್ಲ ಸೇರಿ. ಪರ್ಮಿಷನ್ ಇದೆಯಾ ಅಂತ ಕೇಳಿದ್ದಕ್ಕೆ ಲೀಡರ್ 'ಎಲ್ಲ ಮಾತಾಡಿದೀವಿ ಬ್ರೋ' ಅಂದ. ಯಾರ ಹತ್ತಿರ ಮಾತಾಡಿದ್ದು ಅಂತ ನಾನು ಕೇಳಲಿಲ್ಲ. ದುಡ್ಡು ಹೋಗಿದ್ದೂ ಅವನ ಸ್ವಂತ ನಂಬರಿಗೇ.

ಬನದ ಹುಣ್ಣಿಮೆಯ ಶನಿವಾರ ಹದಿನಾರು ಗಾಡಿ ಯಲ್ಲಾಪುರದಲ್ಲಿ ಸೇರಿದೆವು. ಅರಬೈಲ್ ಘಟ್ಟದಲ್ಲೇ ಮೊದಲ ಎಡವಟ್ಟು. ಒಬ್ಬ ಹೊಸ ಹುಡುಗ ಹಿಂದಿನ ಬ್ರೇಕ್ ತುಳಿದುಕೊಂಡೇ ಇಳಿದ. ಡಿಸ್ಕ್ ಕಾದು, ಬ್ರೇಕ್ ಆಯಿಲ್ ಕುದಿದು, ಪೆಡಲ್ ಮೆತ್ತಗಾಯಿತು. ಎದುರಿಗೆ ಸಾಲು ಸಾಲು ಲಾರಿ. ಚಿಕ್ಕ ಗೇರ್ ಹಾಕಿ ಎಂಜಿನ್ ಹಿಡಿತದಲ್ಲೇ ಇಳಿಸಬೇಕು ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಎಲ್ಲರ ಹಿಂದೆ ಬರಬೇಕಿದ್ದ ಸ್ವೀಪ್ ಗಾಡಿಯವನು ಮುಂದೆ ಹೋಗಿ ವಿಡಿಯೋ ಮಾಡುತ್ತಿದ್ದ. ಫೋನಿಗೆ ಸಿಗ್ನಲ್ ಇಲ್ಲ. ಡಿಸ್ಕ್ ಆರುವವರೆಗೆ ನಾನೇ ಅವನ ಜೊತೆ ನಿಂತೆ.

ಆಮೇಲೆ ಶಿರೂರಿನಲ್ಲೂ ನಿಂತರು. 2024ರ ಜುಲೈ 16ರಂದು ಗುಡ್ಡ ಕುಸಿದು ಜನ, ಲಾರಿ ಎಲ್ಲ ಗಂಗಾವಳಿ ಹೊಳೆಯ ಪಾಲಾದ ಜಾಗ ಅದು. ಅಲ್ಲಿ ಡ್ರೋನ್ ಹಾರಿಸುವ ಹುಚ್ಚು ಯಾಕೋ, ನನಗಂತೂ ಮನಸ್ಸಿಗೆ ಹಿಡಿಸಲಿಲ್ಲ.

ಸಾಣಿಕಟ್ಟೆಯ ಉಪ್ಪಿನ ಆಗರ ದಾಟಿ, ಅಘನಾಶಿನಿ ಹೊಳೆ ಸಮುದ್ರ ಸೇರುವ ಕಡೆಯ ದಂಡೆಗೆ ಬಂದಾಗ ಸಂಜೆ ಐದು. ನೀರು ದೂರದಲ್ಲೆಲ್ಲೋ ಇತ್ತು. ಕಣ್ಣು ಹಾಯಿಸಿದಷ್ಟು ಗಟ್ಟಿ ಮರಳು. ಎಲ್ಲರೂ ಹೋ ಅಂತ ಗಾಡಿಗಳನ್ನು ಅದರ ಮೇಲೇ ಓಡಿಸಿದರು. ಬಳಚು (ತಿನ್ನುವ ಚಿಪ್ಪು) ಹೆಕ್ಕಿ ವಾಪಸಾಗುತ್ತಿದ್ದ ಹೆಂಗಸೊಬ್ಬರು ಬುಟ್ಟಿ ಇಳಿಸಿ ನಿಂತರು. 'ಇಲ್ಲಿ ಮಲಗ್ತ್ರಾ ತಮಾ? ಇವತ್ತು ಹುಣ್ಣಿಮೆ. ರಾತ್ರಿಗೆ ನೀರು ಬತ್ತದೆ' ಅಂದರು. ಲೀಡರ್ ನಕ್ಕ. 'ಅಕ್ಕಾ, ನೀರು ಅಷ್ಟು ದೂರ ಇದೆ' ಅಂದ. ಅವರು ಮತ್ತೊಮ್ಮೆ ಹೇಳಲಿಲ್ಲ. ನನಗೆ ಇವತ್ತಿಗೂ ಚುಚ್ಚುವುದು ಅದೇ. ನಾನೂ ಸುಮ್ನೆ ನಿಂತಿದ್ದೆ.

ಲೆಕ್ಕ ಕಷ್ಟದ್ದೇನಲ್ಲ. ಇಳಿತ ಆಗಿ ಆರು ಗಂಟೆ ಚಿಲ್ಲರೆಗೆ ಪೂರ್ತಿ ಭರತ. ಹುಣ್ಣಿಮೆ, ಅಮಾವಾಸ್ಯೆ ಹತ್ತಿರ ಏರಿಳಿತ ಜಾಸ್ತಿ, ನಮ್ಮ ಕರಾವಳಿಯಲ್ಲಿ ಒಂದೂವರೆ ಮೀಟರ್ ದಾಟುತ್ತದೆ. ಸಂಜೆ ಐದಕ್ಕೆ ಬರಿದಾಗಿದ್ದ ಮರಳು ರಾತ್ರಿ ಹನ್ನೊಂದಕ್ಕೆ ಹೊಳೆಯೇ ಆಗುತ್ತದೆ. ಅಘನಾಶಿನಿಗೆ ಅಣೆಕಟ್ಟಿಲ್ಲ, ಅಲ್ಲಿ ಯಾರೂ ನೀರು ಬಿಡುವುದಿಲ್ಲ ಅಂತ ಲೀಡರ್ ನಮಗೆ ಧೈರ್ಯ ಬೇರೆ ಹೇಳಿದ್ದ. ಹೊಳೆಬಾಯಿಯಲ್ಲಿ ನೀರು ಬರುವುದು ಮೇಲಿಂದಲ್ಲ, ಸಮುದ್ರದಿಂದ.

ಒಂಬತ್ತೂವರೆಗೆ ಊಟ ಮಾಡುವಾಗ ಕಾಲು ತಣ್ಣಗಾಯಿತು. ಅಲೆಯಿಲ್ಲ, ಸದ್ದಿಲ್ಲ. ಬೆಳದಿಂಗಳಲ್ಲಿ ಹೊಳೆಯುವ ತೆಳ್ಳಗಿನ ನೀರು, ಅಷ್ಟೇ. ಮೊದಲು ಎಲ್ಲರೂ ಫೋಟೊ ತೆಗೆದರು! ಅಷ್ಟರಲ್ಲಿ ಸೈಡ್ ಸ್ಟ್ಯಾಂಡ್‌ಗಳು ಮರಳಿಗೆ ಇಳಿದಿದ್ದವು. ಒಂದು ಗಾಡಿ ಬಿತ್ತು, ಪಕ್ಕದ್ದನ್ನೂ ಕೆಡವಿತು. ಹತ್ತಿರ ಹತ್ತಿರ ಇನ್ನೂರು ಕಿಲೋ ತೂಕದ ಬುಲೆಟ್ಟನ್ನು ಒದ್ದೆ ಮರಳಲ್ಲಿ ನಾಲ್ಕು ಜನ ಸೇರಿದರೂ ಅಲುಗಾಡಿಸೋಕೆ ಆಗಲಿಲ್ಲ. ಹನ್ನೊಂದು ಗಾಡಿ ಮೇಲೆ ಬಂದವು. ಐದು ಅಲ್ಲೇ ಉಳಿದವು, ಅದರಲ್ಲಿ ನನ್ನದೂ ಒಂದು. ಟೆಂಟ್‌ಗಳು ಹೋದವು. ಜನಕ್ಕೇನೂ ಆಗಲಿಲ್ಲ, ಯಾಕೆಂದರೆ ಯಾರೂ ಇನ್ನೂ ಮಲಗಿರಲಿಲ್ಲ. ಕುಡಿದು ಬೇಗ ಮಲಗಿದ್ದರೆ? ಅದನ್ನು ಯೋಚಿಸೋಕೂ ಇಷ್ಟವಿಲ್ಲ.

ಬೆಳಗಿನ ಜಾವ ನೀರಿಳಿದ ಮೇಲೆ ಇಬ್ಬರು ಸೆಲ್ಫ್ ಒತ್ತಿದರು. ಇದನ್ನು ದಯವಿಟ್ಟು ಮಾಡಬೇಡಿ. ಸಿಲಿಂಡರ್‌ಗೆ ನೀರು ಹೋಗಿದ್ದರೆ ಪಿಸ್ಟನ್ನಿಗೆ ಅದನ್ನು ಒತ್ತೋಕೆ ಆಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಒಬ್ಬನದ್ದು ಬಾಗಿತು. ನಾನು ಮುಟ್ಟದೆ ಬಿಟ್ಟೆ. ಗೋಕರ್ಣದಿಂದ ಬಂದ ಮೆಕ್ಯಾನಿಕ್ ಬ್ಯಾಟರಿ ತೆಗೆದು, ಪ್ಲಗ್ ಬಿಚ್ಚಿ, ಬಾವಿ ನೀರಿನಿಂದ ಪೂರ್ತಿ ತೊಳೆದರು. ಉಪ್ಪು ಒಣಗೋಕೆ ಬಿಡಬಾರದಂತೆ. ಎಂಜಿನ್ ಆಯಿಲ್ ಹಾಲು ಹಾಕಿದ ಚಾ ಥರ ಬಂತು. ಎರಡು ಸಲ ಬದಲಿಸಿ, ವೀಲ್ ಬೇರಿಂಗ್, ವೈರಿಂಗ್ ಎಲ್ಲ ಸೇರಿ ನನಗೆ 14,000 ಆಯಿತು. ಇನ್ಶೂರೆನ್ಸ್ ಸರ್ವೇಯರ್ ಕೇಳಿದ ಮೊದಲ ಪ್ರಶ್ನೆಯೂ ಅದೇ: 'ನೀರಿಂದ ತೆಗೆದ ಮೇಲೆ ಸ್ಟಾರ್ಟ್ ಮಾಡಿದ್ರಾ?'

ಪರ್ಮಿಷನ್ ವಿಷಯ ಬೆಳಿಗ್ಗೆ ಗೊತ್ತಾಯಿತು. ಊರಿನವರೊಬ್ಬರು ಬಂದು ಯಾರನ್ನು ಕೇಳಿ ಬಂದಿರಿ ಅಂದರೆ ಲೀಡರ್ ಹತ್ತಿರ ತೋರಿಸೋಕೆ ಒಂದು ಕಾಗದವೂ ಇಲ್ಲ. ಹಾಗೆ ಕೇಳಿದವರೇ ಆಮೇಲೆ ಹಗ್ಗ ತಂದು ಗಾಡಿ ಎಳೆಸಿದರು, ಮನೆಯಿಂದ ಚಾ ತರಿಸಿದರು.

ದುಡ್ಡು ವಾಪಸ್ ಕೇಳಿದ್ದಕ್ಕೆ ನನ್ನನ್ನು ಗ್ರೂಪಿನಿಂದ ತೆಗೆದರು. ಮೊನ್ನೆ ಗೆಳೆಯನೊಬ್ಬ ಅವರ ಹೊಸ ಪೋಸ್ಟರ್ ಕಳಿಸಿದ. ಅದೇ ಮರಳು, ಸಂಜೆ ಐದರ ಅದೇ ಫೋಟೊ, ಅದರಲ್ಲಿ ನನ್ನ ಗಾಡಿಯೂ ಇದೆ. ಈ ಸಲ 3,200 ರೂಪಾಯಿ. ದಿನ, ಹೋಳಿ ಹುಣ್ಣಿಮೆ.